ಇಳಿಯುವಾಗ ಎತ್ತರ ತಪ್ಪಿದರೆ?

ಪ್ರಶ್ನೆ: ಇಳಿಯುವ ವಿಮಾನ ನಿಗದಿತ ಎತ್ತರಕ್ಕಿಂತ ಕೆಳಗೆ ಹೋದರೆ ಏನಾಗುತ್ತದೆ?
—ಓದುಗರು, ವಸಂತನರಸಾಪುರ

ಉತ್ತರ: ಬೇರೆ ವಿಮಾನಗಳಿಂದಲೂ ಬೆಟ್ಟಗುಡ್ಡಗಳಿಂದಲೂ ದೂರವಿರಲೆಂದೇ ಆ ಮಿತಿ. ಹೆಚ್ಚಿನ ಸಲ ಕಂಟ್ರೋಲರ್ ಇಲ್ಲವೇ ಜತೆಗಿರುವ ಪೈಲಟ್ ಎಚ್ಚರಿಸುತ್ತಾರೆ, ತಪ್ಪು ಅಲ್ಲಿಗೇ ಸರಿಯಾಗುತ್ತದೆ.

1990ರ ಫೆಬ್ರುವರಿ 14ರಂದು ಬೆಂಗಳೂರಿನಲ್ಲಿ ಹಾಗಾಗಲಿಲ್ಲ. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ320 ವಿಮಾನ ಎಚ್‌ಎಎಲ್ ರನ್‌ವೇ ತಲುಪುವ ಮುನ್ನವೇ ಗಾಲ್ಫ್ ಮೈದಾನಕ್ಕೆ ಬಡಿಯಿತು; 146 ಜನರಲ್ಲಿ 92 ಮಂದಿ ತೀರಿಕೊಂಡರು. ಇಳಿಕೆಯ ವೇಗವನ್ನು ನಿಮಿಷಕ್ಕೆ 700 ಅಡಿಗೆ ಇಡಲು ಹೋಗಿ, ಪಕ್ಕದ ಎತ್ತರದ ಗುಂಡಿಯನ್ನು ತಿರುಗಿಸಿರಬಹುದು ಎಂಬುದು ತನಿಖೆಯ ಅಂದಾಜು. ಹಾಗಾಗಿದ್ದರೆ ವಿಮಾನಕ್ಕೆ ಕೊಟ್ಟ ಎತ್ತರವೇ 700 ಅಡಿ; ಬೆಂಗಳೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ! ಅಂಥ ಗುಂಡಿಗಳನ್ನು ಅಕ್ಕಪಕ್ಕ ಇಟ್ಟ ವಿನ್ಯಾಸವನ್ನು ಬಿಟ್ಟು ಪೈಲಟ್‌ಗಳನ್ನಷ್ಟೇ ದೂರುವುದು ನನಗೆ ಒಪ್ಪಿಗೆಯಿಲ್ಲ. ಆ ಎತ್ತರಕ್ಕೆ ಇಳಿಯಲು ಹೊರಟ ವಿಮಾನದ ಎಂಜಿನ್‌ಗಳು ಕನಿಷ್ಠ ಶಕ್ತಿಗೆ ಇಳಿದು, ವೇಗ ಕುಸಿಯಿತು. ಅದು ಗೊತ್ತಾದಾಗ, ಎಂಜಿನ್ ಮತ್ತೆ ಪೂರ್ಣ ಬಲ ಪಡೆಯಲು ಬೇಕಾದ ಕೆಲವೇ ಸೆಕೆಂಡುಗಳೂ ಉಳಿದಿರಲಿಲ್ಲ.