ಹಳೆಯ ಮೋಟಾರಿನಲ್ಲಿ ದಾರಿ ತೋರುವ ಪರದೆ

ಮನೆಯಲ್ಲಿ ಹತ್ತು ಹದಿನೈದು ವರ್ಷ ದುಡಿದ ಮೋಟಾರು ಗಾಡಿಯನ್ನು ಮಾರಿಬಿಡುವುದು ಎಲ್ಲರಿಗೂ ಸುಲಭವಲ್ಲ. ಅದರ ಯಂತ್ರವು ಇನ್ನೂ ಗಟ್ಟಿಯಾಗಿರುತ್ತದೆ. ಅದರ ಸ್ವಭಾವವು ಮನೆಯವರಿಗೆಲ್ಲ ಗೊತ್ತಿರುತ್ತದೆ. ಹೊಸ ಗಾಡಿಯ ಸಾಲವನ್ನು ತಲೆಯ ಮೇಲೆ ಹೊರುವ ಅಗತ್ಯವೂ ಇರುವುದಿಲ್ಲ. ಆದರೆ ನೆರೆಮನೆಯ ಹೊಸ ಕಾರಿನಲ್ಲಿ ದಾರಿಯ ನಕಾಶೆಯನ್ನು ಬೆಳಗಿಸಿ, ತಿರುವು ಬಂದಾಗ ಬಾಯಿಬಿಟ್ಟು ಹೇಳುವ ಪರದೆಯನ್ನು ಕಂಡೊಡನೆ, ನಮ್ಮ ಗಾಡಿಗೂ ಇಂತಹದೊಂದು ಇರಬಾರದೇ ಎಂಬ ಆಸೆಯು ಹುಟ್ಟುವುದು ಸಹಜ. ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಪರದೆಯನ್ನು ಕೊಳ್ಳುವುದು ಬೇರೆ, ಅದನ್ನು ಹಳೆಯ ಗಾಡಿಯಲ್ಲಿ ಕ್ಷೇಮವಾಗಿ ಕೂಡಿಸುವುದು ಬೇರೆ. ಕೊಳ್ಳುವವರು ಬಹುಮಟ್ಟಿಗೆ ಪರದೆಯ ಅಗಲವನ್ನು ನೋಡುತ್ತಾರೆ. ಆದರೆ ನೋಡಬೇಕಾದುದು ಅದರ ಹಿಂದೆ ಹರಿಯುವ ತಂತಿಯನ್ನು, ಮತ್ತು ಅದು ಕುಳಿತುಕೊಳ್ಳುವ ಸ್ಥಳವನ್ನು. ಮನೆಮಂದಿಯ ಕ್ಷೇಮವು ಈ ಎರಡನ್ನೇ ಅವಲಂಬಿಸಿರುತ್ತದೆ.

ಬಸವಕಲ್ಯಾಣ ಹುಮನಾಬಾದುಗಳ ಕಡೆಯವರಿಗೆ ಈ ವಿಷಯವು ವಿಶೇಷವಾಗಿ ಸಂಬಂಧಿಸಿದೆ. ಹುಮನಾಬಾದು ಎರಡು ಹೆದ್ದಾರಿಗಳು ಕೂಡುವ ಊರು. ಪುಣೆ ಸೊಲ್ಲಾಪುರಗಳಿಂದ ಹೈದರಾಬಾದಿಗೆ ಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿಯೂ, ನಾಂದೇಡ ಬೀದರಗಳಿಂದ ಕಲಬುರಗಿಯ ಮಾರ್ಗವಾಗಿ ಚಿತ್ರದುರ್ಗಕ್ಕೆ ಇಳಿಯುವ 50ನೆಯ ಹೆದ್ದಾರಿಯೂ ಇಲ್ಲಿ ಸಂಧಿಸುತ್ತವೆ. ಬಸವಕಲ್ಯಾಣವಾದರೋ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಸಸ್ತಾಪುರ ಬಂಗ್ಲಾದ ಬಳಿ ತಿರುಗಿಕೊಂಡು ಹೋಗಬೇಕಾದ ಊರು. ಪಡುವಣಕ್ಕೆ ಹೊರಟರೆ ಉಮರ್ಗಾ ಬರುವ ಹೊತ್ತಿಗೆ ಮಹಾರಾಷ್ಟ್ರ, ಮೂಡಣಕ್ಕೆ ಹೊರಟರೆ ಜಹೀರಾಬಾದು ಬರುವ ಹೊತ್ತಿಗೆ ತೆಲಂಗಾಣ. ಆಸ್ಪತ್ರೆಗೆಂದು, ಮದುವೆಗೆಂದು, ಮಕ್ಕಳ ಕಾಲೇಜಿಗೆಂದು ಇಲ್ಲಿಯವರು ಮೂರು ರಾಜ್ಯಗಳ ಪಟ್ಟಣಗಳಲ್ಲಿ ತಿರುಗಬೇಕಾಗುತ್ತದೆ. ಅಲ್ಲಿಯ ಬೀದಿಗಳು ಅಪರಿಚಿತ. ನಾಮಫಲಕದ ಲಿಪಿಯೂ ಊರಿಂದೂರಿಗೆ ಬೇರೆಯಾಗುತ್ತದೆ. ಆದುದರಿಂದ ದಾರಿ ತೋರುವ ಯಂತ್ರವು ಈ ಸೀಮೆಯಲ್ಲಿ ಕೇವಲ ಶೋಕಿಯ ವಸ್ತುವಲ್ಲ.

ಮೋಟಾರಿನಲ್ಲಿ ನಕಾಶೆಯನ್ನು ಇರಿಸಿಕೊಳ್ಳಬೇಕೆಂಬ ಯೋಚನೆಯು ಹೊಸದಲ್ಲ. 1930ರ ದಶಕದಲ್ಲಿಯೇ ಯುರೋಪಿನಲ್ಲಿ, ಕಾಗದದ ಸುರುಳಿಯ ನಕಾಶೆಯು ಗಾಡಿಯ ವೇಗಕ್ಕೆ ತಕ್ಕಂತೆ ತಾನಾಗಿ ಬಿಚ್ಚಿಕೊಳ್ಳುವ ಉಪಕರಣವೊಂದು ಬಂದಿತ್ತು. 1981ರಲ್ಲಿ ಜಪಾನಿನ ಹೋಂಡಾ ಕಂಪನಿಯವರು ಪಾರದರ್ಶಕ ಹಾಳೆಯ ಮೇಲಿನ ನಕಾಶೆಯನ್ನೂ, ಗಾಡಿಯ ತಿರುವನ್ನು ಅಳೆಯುವ ಗೈರೋ ಯಂತ್ರವನ್ನೂ ಜೋಡಿಸಿದರು. ಈ ಎರಡೂ ಉಪಕರಣಗಳಿಗೆ ಆಕಾಶದ ನೆರವು ಇರಲಿಲ್ಲ.

ಈಗಿನ ಪರದೆಗಾದರೋ ಆಕಾಶವೇ ಆಧಾರ. ಅಮೆರಿಕೆಯ ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತ, ತಮ್ಮ ಸ್ಥಾನವನ್ನೂ ಸಮಯವನ್ನೂ ಸದಾ ಸಾರುತ್ತಿರುತ್ತವೆ. ಗಾಡಿಯಲ್ಲಿರುವ ಗ್ರಾಹಕವು ಕನಿಷ್ಠ ನಾಲ್ಕು ಉಪಗ್ರಹಗಳ ಮಾತನ್ನು ಕೇಳಿ, ಪ್ರತಿಯೊಂದು ಸಂದೇಶವೂ ಎಷ್ಟು ತಡವಾಗಿ ಬಂದಿತೆಂದು ಲೆಕ್ಕ ಹಾಕಿ, ತಾನಿರುವ ಸ್ಥಳವನ್ನು ಕಂಡುಕೊಳ್ಳುತ್ತದೆ. ಬೆಳಕಿನ ವೇಗದಲ್ಲಿ ಬರುವ ಈ ಸಂದೇಶದ ಕಾಲಗಣನೆಯಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ತಪ್ಪಾದರೂ ದೂರದಲ್ಲಿ 300 ಮೀಟರುಗಳ ತಪ್ಪಾಗುತ್ತದೆ. ಸಾರ್ವಜನಿಕರಿಗೆ ಸಿಗುತ್ತಿದ್ದ ಸಂದೇಶವನ್ನು ಮೊದಲು ಬೇಕೆಂದೇ ಮಸುಕುಗೊಳಿಸಿದ್ದರು; 2000ನೆಯ ಇಸವಿಯ ಮೇ ತಿಂಗಳಲ್ಲಿ ಆ ನಿರ್ಬಂಧವನ್ನು ತೆಗೆದ ಮೇಲೆಯೇ ಇದು ಬೀದಿ ಬೀದಿಗೂ ಉಪಯೋಗವಾಗುವಷ್ಟು ನಿಖರವಾಯಿತು. ನಮ್ಮ ದೇಶದವರೂ ಸುಮ್ಮನೆ ಕೂಡಲಿಲ್ಲ. ನಾವಿಕ್ ಎಂಬ ಭಾರತೀಯ ವ್ಯವಸ್ಥೆಯ ಮೊದಲನೆಯ ಉಪಗ್ರಹವು 2013ರ ಜುಲೈ 1ರಂದು ಹಾರಿತು. ಆ ಕಾರ್ಯಕ್ಕೆಂದು ಸ್ಥಾಪಿಸಿದ ಕೇಂದ್ರವು ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿದೆ.

ಇಷ್ಟರಿಂದ ಒಂದು ವ್ಯಾವಹಾರಿಕ ಸಂಗತಿಯು ತಿಳಿದುಬರುತ್ತದೆ. ಗ್ರಾಹಕಕ್ಕೆ ತೆರೆದ ಆಕಾಶವು ಕಾಣಬೇಕು. ಪರದೆಯೊಡನೆ ಬರುವ ಚಿಕ್ಕ ಕಪ್ಪು ಆಂಟೆನಾವನ್ನು ಕೆಲಸದವರು ತಂತಿಗಳ ಜೊತೆಯಲ್ಲಿಯೇ ಡ್ಯಾಶ್‌ಬೋರ್ಡಿನ ಒಳಗೆ ತುರುಕಿಬಿಟ್ಟರೆ, ಹಳೆಯ ಗಾಡಿಗಳ ಲೋಹದ ತಗಡು ಸಂದೇಶವನ್ನು ತಡೆಯುತ್ತದೆ. ಗಾಡಿಯು ಹೆದ್ದಾರಿಯ ಮೇಲಿದ್ದರೆ ಪರದೆಯು ಅದನ್ನು ಹೊಲದಲ್ಲಿ ತೋರಿಸುತ್ತದೆ. ಆಂಟೆನಾವನ್ನು ಮುಂದಿನ ಗಾಜಿನ ಕೆಳಗೆ, ಮುಖ ಮೇಲಾಗಿ, ಆಕಾಶ ಕಾಣುವಂತೆ ಅಂಟಿಸತಕ್ಕದ್ದು.

ಇನ್ನು ಕೂಡಿಸುವ ಕೆಲಸ. ಮೊದಲು ಅಳತೆ. ಕಾರಿನ ರೇಡಿಯೋ ಕೂಡುವ ಕಿಂಡಿಗೆ ಜರ್ಮನಿಯಲ್ಲಿ ಗೊತ್ತುಮಾಡಿದ ಅಳತೆಯು ಈಗ ಲೋಕವೆಲ್ಲ ನಡೆಯುತ್ತದೆ. ಅದನ್ನು ಡಿನ್ ಎನ್ನುತ್ತಾರೆ. ಒಂದು ಡಿನ್ನಿನ ಕಿಂಡಿಯು 180 ಮಿಲಿಮೀಟರು ಅಗಲ, 50 ಮಿಲಿಮೀಟರು ಎತ್ತರ. ಎರಡು ಡಿನ್ನಿನದು ಅದೇ ಅಗಲ, ಸುಮಾರು ಎರಡರಷ್ಟು ಎತ್ತರ. ಎರಡು ಡಿನ್ನಿನ ಕಿಂಡಿಯುಳ್ಳ ಗಾಡಿಯಲ್ಲಿ ಕೆಲಸವು ಸುಲಭ. ಒಂದೇ ಡಿನ್ನಿನ ಕಿಂಡಿಯಿದ್ದರೆ, ಒಡಲು ಕಿಂಡಿಯೊಳಗೆ ಕುಳಿತು ಪರದೆಯು ಮುಂದಕ್ಕೆ ಚಾಚಿಕೊಂಡಿರುವ ಮಾದರಿಗಳುಂಟು. ಅವು ಗಾಳಿಯ ಕಿಂಡಿಯನ್ನಾಗಲಿ, ಅಪಾಯ ಸೂಚಿಸುವ ದೀಪದ ಸ್ವಿಚ್ಚನ್ನಾಗಲಿ, ಗೇರಿನ ಹಿಡಿಯನ್ನಾಗಲಿ ಮುಚ್ಚುವುದೇ ಎಂಬುದನ್ನು ಕೊಳ್ಳುವ ಮೊದಲೇ ರಟ್ಟಿನ ತುಂಡೊಂದನ್ನು ಅದೇ ಅಳತೆಗೆ ಕತ್ತರಿಸಿ, ಹಿಡಿದು ನೋಡಬೇಕು. 1958ರಿಂದ 2014ರ ವರೆಗೆ ತಯಾರಾದ ಅಂಬಾಸಡರಿನ ಹಳೆಯ ಮಾದರಿಗಳಂತಹವುಗಳಲ್ಲಿ ಇಂತಹ ಕಿಂಡಿಯೇ ಇರದು. ಅಲ್ಲಿ ಡ್ಯಾಶ್‌ಬೋರ್ಡನ್ನು ಕೊಯ್ಯಹೋಗುವುದು ಅವಿವೇಕ. ಒಮ್ಮೆ ಕೊಯ್ದ ಫಲಕವು ಮೊದಲಿನಂತಾಗುವುದಿಲ್ಲ. ಬಿಚ್ಚಿ ತೆಗೆಯಬಹುದಾದ ಹಿಡಿಕೆಯ ಮೇಲೆ ಚಿಕ್ಕ ಪರದೆಯನ್ನು ನಿಲ್ಲಿಸುವುದೇ ಮೇಲು. ಬಿಚ್ಚಿದ ಹಳೆಯ ರೇಡಿಯೋ, ಚೌಕಟ್ಟು, ತಿರುಪುಗಳನ್ನು ಮನೆಗೆ ತಂದು ಜೋಪಾನಮಾಡಿಡಿರಿ.

ಅಳತೆಯ ನಂತರ ತಂತಿ. ಬೆಂಕಿಯ ಭಯವಿರುವುದು ಇಲ್ಲಿಯೇ. ಪರದೆಗೆ ಮುಖ್ಯವಾಗಿ ಮೂರು ತಂತಿಗಳು. ಸಾಮಾನ್ಯವಾಗಿ ಹಳದಿಯದು ಬ್ಯಾಟರಿಯಿಂದ ಸದಾ ವಿದ್ಯುತ್ತನ್ನು ತಂದು ಯಂತ್ರದ ನೆನಪನ್ನು ಕಾಯುತ್ತದೆ. ಕೆಂಪಿನದು ಕೀಲಿ ತಿರುಗಿಸಿದಾಗ ಮಾತ್ರ ಜೀವ ತುಂಬುತ್ತದೆ. ಕಪ್ಪಿನದು ಗಾಡಿಯ ಲೋಹದ ಒಡಲಿಗೆ ಸೇರುತ್ತದೆ. ಕೆಂಪು ಹಳದಿಗಳೆರಡನ್ನೂ ಬ್ಯಾಟರಿಗೇ ಕಟ್ಟಿಬಿಟ್ಟರೆ ಪರದೆಯು ರಾತ್ರಿಯೆಲ್ಲ ಎಚ್ಚರವಾಗಿದ್ದು, ಬೆಳಗಾಗುವಷ್ಟರಲ್ಲಿ ಬ್ಯಾಟರಿಯನ್ನು ಬರಿದುಮಾಡಬಹುದು. ಎರಡನ್ನೂ ಕೀಲಿಗೇ ಕಟ್ಟಿದರೆ ಗಾಡಿ ನಿಲ್ಲಿಸಿದಾಗಲೆಲ್ಲ ಯಂತ್ರವು ತನ್ನ ನೆನಪನ್ನು ಕಳೆದುಕೊಳ್ಳುತ್ತದೆ.

ಪರದೆಯ ತಂತಿಗಳ ಬಣ್ಣವನ್ನು ನಂಬಬಹುದಾದರೂ ಹಳೆಯ ಗಾಡಿಯ ತಂತಿಗಳ ಬಣ್ಣವನ್ನು ನಂಬಲಾಗದು. ಹಿಂದೆ ಎಷ್ಟು ಕೈಗಳು ಅಲ್ಲಿ ತಂತಿ ಕೊಯ್ದು ಹೊಸೆದಿವೆಯೋ ಯಾರು ಬಲ್ಲರು! ಆದುದರಿಂದ ಪ್ರತಿಯೊಂದನ್ನೂ ಮೀಟರು ಹಿಡಿದು ಅಳೆದೇ ಜೋಡಿಸಬೇಕು. ಹಳದಿ ತಂತಿಗೆ ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಜು ಇರಬೇಕು. ದೂರದಲ್ಲಿಟ್ಟರೆ ಬ್ಯಾಟರಿಯಿಂದ ಫ್ಯೂಜಿನ ವರೆಗಿನ ತಂತಿಗೆ ರಕ್ಷಣೆಯೇ ಇಲ್ಲದಂತಾಗಿ, ಅದು ಎಲ್ಲಿಯಾದರೂ ಉಜ್ಜಿ ಒಡಲಿಗೆ ತಾಗಿದರೆ ಕೆಂಪಗೆ ಕಾಯುತ್ತದೆ. ಜೋಡಣೆಯನ್ನು ಬೆಸುಗೆ ಹಾಕಿಯಾಗಲಿ ಸರಿಯಾದ ಕೂಡುಗೊಳವೆಯಿಂದಾಗಲಿ ಮಾಡಿ, ಕಾಯಿಸಿದರೆ ಬಿಗಿಯುವ ಕೊಳವೆಯನ್ನು ತೊಡಿಸತಕ್ಕದ್ದು. ಬರಿಯ ಅಂಟುಪಟ್ಟಿಯು ನಮ್ಮ ಬೀದರ ಜಿಲ್ಲೆಯ ವೈಶಾಖದ ಬಿಸಿಲಿಗೆ ಡ್ಯಾಶ್‌ಬೋರ್ಡಿನೊಳಗೆ ಮೆತ್ತಗಾಗಿ ಬಿಚ್ಚಿಕೊಳ್ಳುತ್ತದೆ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಅದರ ತಂತಿಗಳನ್ನು ಎಷ್ಟು ಮಾತ್ರಕ್ಕೂ ಮುಟ್ಟಗೊಡಬಾರದು. ಕೆಲಸಕ್ಕೆ ಮೊದಲು ಬ್ಯಾಟರಿಯ ತಂತಿಯನ್ನು ಬಿಚ್ಚಿಸಿರಿ.

ಬಸವಕಲ್ಯಾಣವು ಲಾರಿಗಳ ಊರೆಂದೇ ಪ್ರಸಿದ್ಧ. ಅಲ್ಲಿಯ ಆಟೋನಗರದಲ್ಲಿ ಲಾರಿಯ ಕೆಲಸ ಬಲ್ಲ ಕೈಗಳಿಗೆ ಕೊರತೆಯಿಲ್ಲ. ಕಾರಿಗೆ ತಂದ ಪರದೆಯನ್ನು ಲಾರಿಗೂ ಹಾಕಿಸಬೇಕೆನ್ನುವವರು ಒಂದು ವಿಷಯವನ್ನು ಮರೆಯಬಾರದು. ಕಾರಿನ ವಿದ್ಯುತ್ತು 12 ವೋಲ್ಟು. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿಗಳು ಕೂಡಿ 24 ವೋಲ್ಟು. 12 ವೋಲ್ಟಿನ ಪರದೆಯನ್ನು ಅಲ್ಲಿ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ. ಒಂದೇ ಬ್ಯಾಟರಿಯಿಂದ ತಂತಿ ಎಳೆದುಕೊಳ್ಳುವ ಉಪಾಯವೂ ಸರಿಯಲ್ಲ. ಆಗ ಒಂದು ಬ್ಯಾಟರಿ ಸೊರಗಿ ಇನ್ನೊಂದು ಹೆಚ್ಚು ತುಂಬಿ, ಎರಡೂ ಬೇಗ ಕೆಡುತ್ತವೆ. 24ನ್ನು 12ಕ್ಕೆ ಇಳಿಸುವ ಪರಿವರ್ತಕವನ್ನೇ ಹಾಕಬೇಕು. ಹಾಗೆಯೇ ಇಂಗ್ಲೆಂಡಿನ ಮಾದರಿಯ ಕೆಲವು ಅತಿ ಹಳೆಯ ಕಾರುಗಳಲ್ಲಿ ಬ್ಯಾಟರಿಯ ಧನ ಧ್ರುವವನ್ನು ಒಡಲಿಗೆ ಜೋಡಿಸಿರುವುದುಂಟು. ಅಲ್ಲಿ ಈಗಿನ ಪರದೆಯನ್ನು ಎಂದಿನಂತೆ ಕೂಡಿಸಿದರೆ ಕ್ಷಣದಲ್ಲಿ ಹಾಳಾಗುತ್ತದೆ.

ತಂತಿಯಷ್ಟೇ ಮುಖ್ಯವಾದುದು ಕಣ್ಣು. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಓಡುವ ಗಾಡಿಯು ಒಂದು ಸೆಕೆಂಡಿಗೆ 22 ಮೀಟರು ಮುಂದೆ ಹೋಗುತ್ತದೆ. ನಡೆಸುವವನು ಎರಡೇ ಸೆಕೆಂಡು ಕಣ್ಣನ್ನು ಪರದೆಗೆ ಇಳಿಸಿದರೂ ಗಾಡಿಯು 44 ಮೀಟರು ಕುರುಡಾಗಿ ಓಡಿದಂತಾಯಿತು. ಹುಮನಾಬಾದಿನ ಹೆದ್ದಾರಿಯ ಮೇಲೆ, ಕಬ್ಬು ತುಂಬಿದ ಟ್ರ್ಯಾಕ್ಟರು ಹಿಂದಿನ ದೀಪವಿಲ್ಲದೆ ಸಾಗುವ ಸುಗ್ಗಿಯ ರಾತ್ರಿಗಳಲ್ಲಿ, ಆ 44 ಮೀಟರುಗಳಲ್ಲಿ ಏನಾದೀತೆಂಬುದನ್ನು ಹೇಳಬೇಕಾಗಿಲ್ಲ. ಆದುದರಿಂದ ಪರದೆಯು ಗೇರಿನ ಬಳಿ ಕೆಳಗಿರದೆ, ಸಾಧ್ಯವಾದಷ್ಟು ಮೇಲೆ, ಆದರೆ ಮುಂದಿನ ಗಾಜಿನ ನೋಟಕ್ಕೆ ಅಡ್ಡವಾಗದಂತೆ ಇರಬೇಕು. ರಾತ್ರಿ ಅದರ ಬೆಳಕನ್ನು ತಗ್ಗಿಸಬೇಕು. ಹೋಗಬೇಕಾದ ಊರನ್ನು ಗಾಡಿ ಹೊರಡುವ ಮೊದಲೇ ಬರೆದು, ಅನಂತರ ಅದರ ದನಿಯನ್ನು ಮಾತ್ರ ಕೇಳುತ್ತ ಹೋಗಬೇಕು. ದಾರಿಯಲ್ಲಿ ಬದಲಾಯಿಸಬೇಕಾದರೆ ಆ ಕೆಲಸವು ಪಕ್ಕದಲ್ಲಿ ಕುಳಿತವರದು. ಗಾಡಿ ಓಡುತ್ತಿರುವಾಗ ಪರದೆಯಲ್ಲಿ ಸಿನೆಮಾ ಕೂಡದು. ಮಕ್ಕಳು ಹಟಮಾಡಿದರೂ ಕೂಡದು. ಕೈಯಲ್ಲಿ ಹಿಡಿಯುವ ಫೋನಿನ ವಿಷಯದಲ್ಲಿ ಕಾನೂನೂ ಇದನ್ನೇ ಹೇಳುತ್ತದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಮೇರೆಗೆ, ಗಾಡಿ ನಡೆಸುವಾಗ ಅದನ್ನು ದಾರಿ ನೋಡುವುದಕ್ಕೆ ಮಾತ್ರ, ಅದೂ ಚಾಲಕನ ಗಮನ ಕದಲದಂತೆ, ಉಪಯೋಗಿಸಬಹುದು.

ಪರದೆಯಿಂದ ಮನೆಗೆ ಆಗುವ ಇನ್ನೊಂದು ದೊಡ್ಡ ಉಪಕಾರವನ್ನು ಇಲ್ಲಿ ಹೇಳಲೇಬೇಕು. ಗಾಡಿಯ ಹಿಂದೆ ಚಿಕ್ಕ ಕ್ಯಾಮೆರಾವನ್ನು ಕೂಡಿಸಿ, ಅದರ ತಂತಿಯನ್ನು ಹಿಂದಕ್ಕೆ ಹೋಗುವಾಗ ಹತ್ತುವ ದೀಪಕ್ಕೆ ಜೋಡಿಸಿದರೆ, ಗೇರು ಹಾಕಿದೊಡನೆ ಹಿಂದಿನ ನೆಲವು ಪರದೆಯಲ್ಲಿ ಕಾಣುತ್ತದೆ. ಅಂಗಳದಲ್ಲಿ ಆಡುವ ಕೂಸು ಕನ್ನಡಿಗೆ ಕಾಣದಷ್ಟು ಕುಳ್ಳಾಗಿರುತ್ತದೆ. ಇತರ ಯಾವ ಸೊಗಸನ್ನು ಬಿಟ್ಟರೂ ಈ ಕ್ಯಾಮೆರಾವನ್ನು ಬಿಡಬಾರದು. ಆದರೂ ಅದನ್ನೇ ನೆಚ್ಚದೆ, ಗಾಡಿ ಹಿಂದಕ್ಕೆ ಬರುವಾಗ ಮನೆಯವರೊಬ್ಬರು ಮಕ್ಕಳನ್ನು ಕೈಹಿಡಿದು ನಿಲ್ಲಿಸಿಕೊಳ್ಳುವ ರೂಢಿಯನ್ನು ಮುಂದುವರಿಸುವುದು ಲೇಸು.

ಕೊನೆಗೆ ಹೆಸರುಗಳ ಮಾತು. ಪರದೆಯು ಬರೆದುದನ್ನು ಹುಡುಕುತ್ತದೆಯೇ ಹೊರತು ಮನಸ್ಸಿನಲ್ಲಿರುವುದನ್ನಲ್ಲ. ಬರಿಯ ಕಲ್ಯಾಣ ಎಂದು ಬರೆದರೆ ಮುಂಬಯಿಯ ಬಳಿಯ ಕಲ್ಯಾಣಕ್ಕೂ ಅದು ದಾರಿ ತೋರಿಸೀತು. ಹುಮನಾಬಾದಿನ ಸೀಮೆಯಲ್ಲಿ ಹಳ್ಳಿಖೇಡ ಎಂಬ ಹೆಸರಿನ ಊರುಗಳೇ ಎರಡು: ಒಂದು ಹಳ್ಳಿಖೇಡ ಬಿ, ಇನ್ನೊಂದು ಹಳ್ಳಿಖೇಡ ಕೆ. ಬಿ ಎಂದರೆ ಬುದ್ರುಕ, ಅಂದರೆ ಹಿರಿದು. ಕೆ ಎಂದರೆ ಖುರ್ದ, ಅಂದರೆ ಕಿರಿದು. ಪಾರಸಿಯಿಂದ ಬಂದ ಈ ಮಾತುಗಳು ನಿಜಾಮಶಾಹಿಯು 1948ರಲ್ಲಿ ಮುಗಿದ ಮೇಲೆಯೂ ಊರುಗಳ ಹೆಸರಿಗೆ ಅಂಟಿಕೊಂಡು ಉಳಿದಿವೆ. ಈ ಒಂದು ಅಕ್ಷರವನ್ನು ಬಿಟ್ಟು ಬರೆದ ಬೀಗರು ಬೇರೆ ಊರಿನ ಅಗಸೆಯ ಮುಂದೆ ನಿಲ್ಲಬೇಕಾದೀತು. ಆಮಂತ್ರಣ ಪತ್ರಿಕೆಯಲ್ಲಿ ಅದನ್ನು ಬಿಡದೆ ಅಚ್ಚುಹಾಕಿಸುವುದು ಒಳ್ಳೆಯದು.

ಉಪಗ್ರಹದ ಸಂದೇಶಕ್ಕೆ ಫೋನಿನ ಜಾಲವು ಬೇಕಿಲ್ಲ; ಆದರೆ ನಕಾಶೆಯನ್ನು ಇಳಿಸಿಕೊಳ್ಳಲು ಬೇಕು. ಜಾಲ ಸಿಗದ ಕಡೆ ಹೋಗುವವರು ಬೇಕಾದ ಜಿಲ್ಲೆಗಳ ನಕಾಶೆಯನ್ನು ಮನೆಯಲ್ಲಿಯೇ ಇಳಿಸಿಟ್ಟುಕೊಳ್ಳಬೇಕು. ಅಲ್ಲದೆ ಪರದೆಯು ಹತ್ತಿರದ ದಾರಿಯನ್ನು ಬಲ್ಲುದೇ ಹೊರತು ಮಳೆಯನ್ನು ಅಷ್ಟಾಗಿ ಅರಿಯದು. ಎರೆಯ ನೆಲದ ಬಂಡಿದಾರಿಯು ಬೇಸಿಗೆಯಲ್ಲಿ ಹೆದ್ದಾರಿಯಂತಿದ್ದರೂ ಶ್ರಾವಣದಲ್ಲಿ ಗಾಲಿಯನ್ನು ಅಚ್ಚಿನ ವರೆಗೆ ನುಂಗುತ್ತದೆ. ಅಂತಹ ಅಡ್ಡದಾರಿಯನ್ನು ತೋರಿಸಿದಾಗ, ಗಾಡಿ ನಿಲ್ಲಿಸಿ, ಹೊಲದಿಂದ ಬರುವವರನ್ನು "ಅಣ್ಣಾ, ಈ ದಾರಿಯಲ್ಲಿ ಕಾರು ಹೋಗುವುದೇ?" ಎಂದು ಕೇಳಿ ಮುಂದುವರಿಯಬೇಕು.

ಗಾಡಿಯನ್ನು ಕಾರ್ಖಾನೆಯಿಂದ ಬಿಡಿಸಿಕೊಳ್ಳುವಾಗ ಅವಸರಪಡದೆ ಎಲ್ಲವನ್ನೂ ಪರೀಕ್ಷಿಸಿರಿ. ಕೀಲಿ ತೆಗೆದರೆ ಪರದೆಯು ಆರುತ್ತದೆಯೇ? ಫ್ಯೂಜು ಎಲ್ಲಿದೆ, ಎಷ್ಟು ಆಂಪಿಯರಿನದು? ದೀಪ, ಹಾರ್ನು, ಗಾಜೊರಸುವ ಕಡ್ಡಿ ಮೊದಲಿನಂತೆ ನಡೆಯುತ್ತವೆಯೇ? ಸ್ಟಿಯರಿಂಗನ್ನು ಎರಡೂ ಕಡೆ ತಿರುಗಿಸಿದಾಗ, ಬ್ರೇಕಿನ ಮೆಟ್ಟನ್ನು ಒತ್ತಿದಾಗ, ಯಾವ ತಂತಿಯಾದರೂ ತಾಗುತ್ತದೆಯೇ? ಅರ್ಧ ಗಂಟೆ ಓಡಿಸಿದ ಮೇಲೆ ಸುಟ್ಟ ವಾಸನೆ ಬರುವುದೇ? ಹಣವು ಮಿತವಾಗಿದ್ದರೆ ಪರದೆಯನ್ನು ಎರಡಂಗುಲ ಚಿಕ್ಕದಾಗಿ ಕೊಂಡು, ಉಳಿದುದನ್ನು ಒಳ್ಳೆಯ ತಂತಿಗೂ, ಮೀಟರು ಹಿಡಿದು ಕೆಲಸಮಾಡುವ ಬಲ್ಲವನ ಕೂಲಿಗೂ ವ್ಯಯಮಾಡಿರಿ. ಮರುದಿನ ಮುಂಜಾನೆ ಗಾಡಿಯು ಒಂದೇ ತಿರುವಿಗೆ ಎಚ್ಚತ್ತರೆ, ಕೆಲಸವು ಸರಿಯಾಗಿದೆಯೆಂದು ಬಹುಮಟ್ಟಿಗೆ ನಂಬಬಹುದು.