ಹದಿನೈದು ಸಾವಿರದೊಳಗೆ ಮನೆಗೊಂದು ಸ್ಟೀರಿಯೊ: ಕೊಳ್ಳೋ ಮುಂಚೆ ಇಷ್ಟು ನೋಡಿ

ಮನೇಲಿ ನಾಲ್ಕು ಜನ, ನಾಲ್ಕು ಜೊತೆ ಇಯರ್‌ಬಡ್. ಅಪ್ಪನ ಫೋನಿನಲ್ಲಿ ಪಿ.ಬಿ. ಶ್ರೀನಿವಾಸ್, ಅಮ್ಮನ ಫೋನಿನಲ್ಲಿ ದಾಸರ ಪದ, ನಿಮ್ಮ ಕಿವಿಯಲ್ಲಿ ನಿಮ್ಮ ಪ್ಲೇಲಿಸ್ಟ್. ಎಲ್ಲರೂ ಹಾಡು ಕೇಳ್ತಿದ್ದಾರೆ, ಆದರೆ ಮನೆ ಮಾತ್ರ ಸುಮ್ಮನಿದೆ. ಹಾಲ್‌ಗೆ ಒಂದು ಚಿಕ್ಕ ಸ್ಟೀರಿಯೊ ತಂದರೆ ಹೇಗೆ ಅನ್ನಿಸೋದು ಇಂಥ ಹೊತ್ತಿನಲ್ಲೇ. ಆದರೆ ಹುಡುಕೋಕೆ ಕೂತರೆ ತಲೆ ಕೆಡುತ್ತೆ. ಬಣ್ಣದ ಲೈಟು, ಸಾವಿರಾರು ವ್ಯಾಟು, ಮೆಗಾ ಬಾಸು!

ಬಾಡಿಗೆ, ಇಎಂಐ ಎಲ್ಲ ಕಳೆದು ₹10,000–15,000 ಎತ್ತಿಟ್ಟಿರೋರ ದುಡ್ಡು ಲೈಟಿಗೆ ಹೋಗಬಾರದು, ನಾದಕ್ಕೆ ಹೋಗಬೇಕು. ಈ ಬಜೆಟ್‌ಗೆ ಸೂತ್ರ ಒಂದೇ: ಒಂದರಿಂದೊಂದು ದೂರ ಇಡಬಹುದಾದ ಎರಡು ಒಳ್ಳೆ ಸ್ಪೀಕರ್. ಉಳಿದದ್ದೆಲ್ಲ ಆಮೇಲೆ.

ಎರಡೇ ಯಾಕೆ?

ನಮಗಿರೋದು ಎರಡು ಕಿವಿ. ಎಡದಿಂದ ಬರೋ ಸದ್ದು, ಬಲದಿಂದ ಬರೋ ಸದ್ದು ಇವೆರಡರ ಸಣ್ಣ ವ್ಯತ್ಯಾಸ ಹಿಡಿದು ಮಿದುಳು ‘ಗಾಯಕ ನಡುವೆ, ವಯಲಿನ್ ಆ ಕಡೆ, ತಬಲಾ ಈ ಕಡೆ’ ಅಂತ ಜಾಗ ಗೊತ್ತು ಮಾಡುತ್ತೆ. ಈ ತತ್ವದ ಮೇಲೆ ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲೂಮ್ಲೈನ್ 1931ರಲ್ಲೇ ಪೇಟೆಂಟ್‌ಗೆ ಅರ್ಜಿ ಹಾಕಿದ್ದರು. ಒಂದೇ ಡಬ್ಬಿಯ ಬ್ಲೂಟೂತ್ ಸ್ಪೀಕರ್‌ನಲ್ಲಿ ಈ ಜಾಗ ಕಾಣಿಸೋದೇ ಇಲ್ಲ. ಸೌಂಡ್‌ಬಾರ್ ಟಿವಿ ಮಾತಿಗೆ ಚೆನ್ನ. ಆದರೆ ಎಡ-ಬಲ ಎರಡೂ ಒಂದೇ ಕೋಲಿನೊಳಗೆ ಇರೋದರಿಂದ ಹಾಡು ಅಷ್ಟು ಅಗಲವಾಗಿ ಹರಡಲ್ಲ.

ಹಾಗಾಗಿ ಹುಡುಕಬೇಕಾದ್ದು ‘ಪವರ್ಡ್ ಬುಕ್‌ಶೆಲ್ಫ್ ಸ್ಪೀಕರ್’. ಆಂಪ್ಲಿಫೈಯರ್ ಒಳಗೇ ಇರುತ್ತೆ. ಪ್ಲಗ್ ಹಾಕಿ, ಫೋನ್ ಜೋಡಿಸಿ, ಅಷ್ಟೇ. ಉದಾಹರಣೆಗೆ ಎಡಿಫೈಯರ್ ಕಂಪನಿಯ ಆರ್1280ಟಿ ಜೋಡಿಯಲ್ಲಿ 4 ಇಂಚಿನ ವೂಫರ್ ಇದೆ, ಎರಡೂ ಸೇರಿ 42 ವ್ಯಾಟ್ ಆರ್‌ಎಂಎಸ್. ಇದನ್ನೇ ಕೊಳ್ಳಿ ಅಂತಲ್ಲ, ಚಿಕ್ಕ ಮನೆಗೆ ಬೇಕಾದ ಅಳತೆ ಇದು ಅಂತ ತಿಳ್ಕೊಳ್ಳಿ.

ವ್ಯಾಟ್ ನೋಡಿ ಮೋಸ ಹೋಗಬೇಡಿ

ಡಬ್ಬಿ ಮೇಲೆ ‘ಪಿಎಂಪಿಒ’ ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿದ್ದರೆ ಕಣ್ಣು ಹಾಯಿಸಿ ಮುಂದೆ ಹೋಗಿ. ಅದನ್ನು ಅಳೆಯೋಕೆ ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ. ನೋಡಬೇಕಾದ್ದು ‘ಆರ್‌ಎಂಎಸ್’, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ. ಅದರಲ್ಲೂ ವ್ಯಾಟ್ ದುಪ್ಪಟ್ಟಾದರೆ ಸದ್ದು ದುಪ್ಪಟ್ಟಾಗಲ್ಲ, 3 ಡೆಸಿಬಲ್ ಮಾತ್ರ ಏರುತ್ತೆ. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. 10x12 ಅಡಿ ರೂಮಿಗೆ ಒಂದೊಂದು ಸ್ಪೀಕರ್‌ಗೆ 20 ವ್ಯಾಟ್ ಆರ್‌ಎಂಎಸ್ ಧಾರಾಳ.

ದೊಡ್ಡ ಸಬ್‌ವೂಫರ್ ಆಸೆ ಇದ್ಯಾ? ಅಪಾರ್ಟ್‌ಮೆಂಟ್‌ನಲ್ಲಿರೋರು ಸ್ವಲ್ಪ ಯೋಚಿಸಿ. ಧಮ್ ಧಮ್ ಅನ್ನೋ ಸದ್ದು ಗೋಡೆ, ನೆಲ ದಾಟಿ ಕೆಳಗಿನ ಮನೆಯವರ ನಿದ್ದೆಗೆ ಹೋಗುತ್ತೆ.

ವೈರಾ, ಬ್ಲೂಟೂತಾ?

ಎರಡೂ ಇರಲಿ. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಮಾಹಿತಿ ಇದ್ದರೆ, ಎಲ್ಲ ಬ್ಲೂಟೂತ್ ಆಡಿಯೊ ಸಾಧನಗಳಲ್ಲೂ ಇರೋ ಎಸ್‌ಬಿಸಿ ವಿಧಾನದಲ್ಲಿ ಅದನ್ನು ಸಾಮಾನ್ಯವಾಗಿ 328 ಕಿಲೋಬಿಟ್ ಅಥವಾ ಅದಕ್ಕಿಂತ ಕಡಿಮೆಗೆ ಕುಗ್ಗಿಸಿ ಕಳಿಸುತ್ತಾರೆ. ಅಡುಗೆ ಮಾಡ್ತಾ ಕೇಳೋಕೆ ಇದು ಸಾಕು. ಟಿವಿಗೆ ಮಾತ್ರ ವೈರ್ ಹಾಕಿ. ಬ್ಲೂಟೂತ್ ಆದರೆ ತುಟಿ ಮೊದಲು ಆಡಿ ಮಾತು ಆಮೇಲೆ ಬರಬಹುದು. ನಿಮ್ಮ ಟಿವಿ ಹಿಂದೆ ಆಪ್ಟಿಕಲ್ ಇದ್ಯಾ, ಹೆಡ್‌ಫೋನ್ ತೂತು ಇದ್ಯಾ ಅಂತ ಒಂದು ಫೋಟೊ ತೆಗೆದಿಟ್ಟುಕೊಂಡು ಅಂಗಡಿಗೆ ಹೋಗಿ.

ಇನ್ನೊಂದು ಮಾತು, ಇದನ್ನು ಜಾಹೀರಾತಿನಲ್ಲಿ ಯಾರೂ ಹೇಳಲ್ಲ. ಸ್ಪೀಕರ್ ಮೇಲೆ ಕೈಗೆ ಸಿಗೋ ವಾಲ್ಯೂಮ್ ತಿರುಪು ಇದ್ಯಾ? ಎಲ್ಲವೂ ಆ್ಯಪ್‌ನಲ್ಲೇ ಇದ್ದರೆ, ನೀವು ಆಫೀಸಿಗೆ ಹೋದ ಮೇಲೆ ಮನೇಲಿರೋ ಹಿರಿಯರಿಗೆ ಅದು ಬರೀ ಶೋಪೀಸು. ನಿಮ್ಮ ಫೋನ್ ಇಲ್ಲದೆಯೂ ಅವರು ಹಾಡು ಹಚ್ಚಿಕೊಳ್ಳುವಂತಿರಬೇಕು.

ಅಂಗಡಿಯಲ್ಲಿ ನಿಮ್ಮ ಹಾಡೇ ಹಾಕಿಸಿ

ಅಂಗಡಿಯವರ ಡೆಮೊ ಹಾಡು ಅವರ ಸ್ಪೀಕರ್‌ಗೆ ಹೊಂದೋ ಹಾಡು. ನಿಮಗೆ ಬಾಯಿಪಾಠ ಆಗಿರೋ ಮೂರು ಹಾಡು ಒಯ್ಯಿರಿ.

• ಬರೀ ದನಿ ಇರೋ ಒಂದು ಭಾವಗೀತೆ. ‘ಸ’, ‘ಶ’ ಕಿವಿಗೆ ಚುಚ್ಚುತ್ತಾ ನೋಡಿ.
• ಮೃದಂಗ ಇರೋ ಒಂದು ಕಛೇರಿ. ಎಡಗೈಯ ‘ಗುಂ’ ಬಂದು ನಿಲ್ಲಬೇಕು, ಕೊಳೆತ ಹಲಗೆ ಬಡಿದ ಹಾಗಿರಬಾರದು.
• ಈಚಿನ ಒಂದು ಚಿತ್ರಗೀತೆ. ವಾದ್ಯಗಳು ಬೇರೆಬೇರೆ ಜಾಗದಿಂದ ಕೇಳಬೇಕು. 1960ರ ದಶಕದ ನಮ್ಮ ಬಹುತೇಕ ಚಿತ್ರಗೀತೆಗಳು ಮೋನೋ, ಈ ಪರೀಕ್ಷೆಗೆ ಅವು ಆಗಿಬರಲ್ಲ.

ಎರಡು ಮಾಡೆಲ್ ಹೋಲಿಸುವಾಗ ವಾಲ್ಯೂಮ್ ಒಂದೇ ಮಟ್ಟಕ್ಕೆ ತರಲು ಹೇಳಿ. ಸ್ವಲ್ಪ ಜೋರಾಗಿರೋದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತೆ. ಆನ್‌ಲೈನ್‌ನಲ್ಲಿ ತರಿಸೋದಾದರೆ ವಾಪಸ್ ಕೊಡೋ ಅವಕಾಶ, ನಿಮ್ಮೂರಲ್ಲಿ ಸರ್ವಿಸ್ ಇವೆರಡನ್ನೂ ಮೊದಲೇ ಕೇಳಿ.

ಸೆಕೆಂಡ್ ಹ್ಯಾಂಡ್ ನೋಡ್ತಿದ್ದೀರಾ? ಮುಚ್ಚಳದ ಬಟ್ಟೆ ತೆಗೆಸಿ, ವೂಫರ್ ಸುತ್ತಲಿನ ಫೋಮ್ ಅಂಚು ನೋಡಿ. ವರ್ಷ ಕಳೆದಂತೆ, ಅದರಲ್ಲೂ ಕರಾವಳಿಯ ತೇವಕ್ಕೆ, ಅದು ಪುಡಿಯಾಗುತ್ತೆ. ವಾಲ್ಯೂಮ್ ತಿರುಗಿಸಿ, ಕರಕರ ಅಂದರೆ ಬೆಲೆ ಇಳಿಸಿ ಕೇಳಿ.

ಇಡೋ ಜಾಗಕ್ಕೆ ದುಡ್ಡಿಲ್ಲ

ತಂದ ಮೇಲೆ ಶೋಕೇಸ್ ಒಳಗೆ ತುರುಕಬೇಡಿ. ಎರಡರ ನಡುವೆ 5–6 ಅಡಿ ಅಂತರ ಬಿಡಿ, ನೀವು ಕೂರೋ ಜಾಗ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿರಲಿ, ತ್ರಿಕೋನದ ಮೂರು ಮೂಲೆಯ ಹಾಗೆ. ಮೇಲಿನ ಚಿಕ್ಕ ಟ್ವೀಟರ್ ಕೂತಾಗ ಕಿವಿ ಎತ್ತರಕ್ಕೆ ಬರಲಿ. ಹಿಂದಿನ ಗೋಡೆಯಿಂದ ಒಂದು ಗೇಣು ಮುಂದಿಡಿ. ಮೂಲೆಗೆ ಒತ್ತಿದರೆ ಬಾಸ್ ಗದ್ದಲವಾಗುತ್ತೆ. ಟೈಲ್ಸ್ ನೆಲ, ಬೋಳು ಗೋಡೆ ಇರೋ ನಮ್ಮ ಮನೆಗಳಲ್ಲಿ ಸದ್ದು ಅಲ್ಲಿಂದಿಲ್ಲಿಗೆ ಪುಟಿಯುತ್ತೆ. ಒಂದು ಜಮಖಾನ ಹಾಸಿ, ದಪ್ಪ ಪರದೆ ಎಳೆದು ಕೇಳಿ ನೋಡಿ, ಇನ್ನೂ ಐದು ಸಾವಿರ ಜಾಸ್ತಿ ಕೊಟ್ಟು ತಂದ ಸ್ಪೀಕರ್ ಅನ್ನಿಸುತ್ತೆ.

ನಿಮ್ಮ ಮನೆಯ ಸ್ಪೀಕರ್‌ನಲ್ಲಿ ಮೊದಲು ಕೇಳಿದ ಹಾಡು ಯಾವುದು? ಆ ಹಾಡನ್ನು ಆರಿಸಿದ್ದು ಯಾರು? ಓದುಗರ ಅಂಕಣಕ್ಕೆ ನಾಲ್ಕು ಸಾಲು ಬರೆದು ಕಳಿಸಿ.