ಹಾಸಿನಲ್ಲೂ ಉಣ್ಣೆ, ಹೊಕ್ಕಿನಲ್ಲೂ ಉಣ್ಣೆ

ರತ್ನಗಂಬಳಿ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಬಣ್ಣಕ್ಕೆ, ಚಿತ್ತಾರಕ್ಕೆ. ಅವನ್ನು ಹಿಡಿದಿಟ್ಟಿರುವ ಹಾಸುಹೊಕ್ಕನ್ನು ಗಮನಿಸುವವರು ಕಡಿಮೆ. ಇರಾನಿನ ಕಾಶಾನ್, ಇಸ್ಫಹಾನ್‌ನಂಥ ನಗರಗಳ ಗಂಬಳಿಗಳಲ್ಲಿ ಈ ತಳ ಸಾಮಾನ್ಯವಾಗಿ ಹತ್ತಿ ಅಥವಾ ರೇಷ್ಮೆಯದು. ಫಾರ್ಸ್ ಪ್ರಾಂತ್ಯದ ಕಶ್ಕಾಯಿ ಅಲೆಮಾರಿ ಕುರಿಗಾಹಿಗಳ ಸಾಂಪ್ರದಾಯಿಕ ನೇಯ್ಗೆಯಲ್ಲಾದರೋ ಹಾಸು, ಹೊಕ್ಕು, ಗಂಟು ಮೂರೂ ಉಣ್ಣೆಯೇ. ನಗರದ ಅಳತೆಗೋಲು ಹಿಡಿದು ಇದನ್ನು ಒರಟು ಎನ್ನುವವರಿದ್ದಾರೆ. ಆ ತೀರ್ಪು ತಪ್ಪು. ಉಣ್ಣೆಯ ತಳ ಒಂದು ಜೀವನಕ್ರಮಕ್ಕೆ ಹೊಂದಿ ಬೆಳೆದ ಜಾಣ್ಮೆ.

ಕಶ್ಕಾಯಿಗಳು ಬೇಸಿಗೆ ಮತ್ತು ಚಳಿಗಾಲದ ಹುಲ್ಲುಗಾವಲುಗಳ ನಡುವೆ ಮಂದೆಯೊಡನೆ ಸಾಗುವವರು. ಗಂಡಸರು ಉಣ್ಣೆ ಕತ್ತರಿಸುತ್ತಾರೆ, ಮಗ್ಗ ಹೂಡುತ್ತಾರೆ. ಹೆಂಗಸರು ನೂಲು ತೆಗೆದು, ಮಂಜಿಷ್ಠ, ನೀಲಿ, ದಾಳಿಂಬೆ ಸಿಪ್ಪೆಗಳ ಬಣ್ಣ ಕಟ್ಟಿ, ನಕ್ಷೆಯಿಲ್ಲದೆ ನೆನಪಿನಿಂದಲೇ ನೇಯುತ್ತಾರೆ. ಗೂಟ ಹೊಡೆದು ನೆಲದ ಮೇಲೆ ಹೂಡಿದ ಮಗ್ಗವನ್ನು ವಲಸೆಯ ಹೊತ್ತಿಗೆ ಬಿಚ್ಚಿ, ಸುತ್ತಿ ಒಯ್ಯಬಹುದು. ಮತ್ತೆ ಹೂಡಿದಾಗ ಬಿಗಿತ ಮೊದಲಿನಂತೆಯೇ ಇರುವುದಿಲ್ಲ. ಅಂಚು ತುಸು ಸೊಟ್ಟಗಾಗುವುದು ಇದರಿಂದ. ಆದರೆ ಉಣ್ಣೆಯ ಎಳೆಯಲ್ಲಿ ಸಹಜವಾದ ಸುರುಳಿಯಿದೆ. ಎಳೆದರೆ ಹಿಗ್ಗಿ, ಬಿಟ್ಟರೆ ಬಹುಮಟ್ಟಿಗೆ ಹಿಂದಿರುಗುತ್ತದೆ. ಗಂಬಳಿ ಮಡಿಸಲು ಮೆತ್ತಗಿರುವುದೂ ಇದರಿಂದಲೇ.

ಹತ್ತಿಯ ತಳ ಹಿಗ್ಗದು, ನೆಲಕ್ಕೆ ಸಮನಾಗಿ ಕೂರುತ್ತದೆ, ನುಸಿಯೂ ಅಷ್ಟಾಗಿ ಮುಟ್ಟದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಬಳ್ಳಿ ಬಳುಕುವ ಸೂಕ್ಷ್ಮ ನಕ್ಷೆಗೆ ಅದು ಅನುಕೂಲ. ಉಣ್ಣೆಯನ್ನು ಆಗಾಗ ಕೊಡವಿ ಬಿಸಿಲು ಕಾಣಿಸಲೇಬೇಕು. ಆದರೆ ಉಣ್ಣೆಯ ತಳದ ಮೇಲೆ ನಯವಾದ ಕೆಲಸ ಸಾಧ್ಯವಿಲ್ಲ ಎನ್ನುವ ಮಾತು ನಿಲ್ಲದು. 1949ರಲ್ಲಿ ರಷ್ಯಾದ ಪುರಾತತ್ವಜ್ಞ ಸೆರ್ಗೈ ರುಡೆಂಕೊ ಆಲ್ತಾಯ್ ಬೆಟ್ಟಗಳ ಪಾಜಿರಿಕ್ ಸಮಾಧಿಯಲ್ಲಿ ಪತ್ತೆಮಾಡಿದ, ಸುಮಾರು 2,300 ವರ್ಷ ಹಳೆಯ ಗಂಬಳಿ ಪೂರ್ತಿ ಉಣ್ಣೆಯದು. ಅದು ಉಳಿದದ್ದು ಮಂಜುಗಡ್ಡೆಯ ಕೃಪೆಯಿಂದ, ನಿಜ; ಆದರೆ ಅದರ ಪ್ರತಿ ಚದರ ಡೆಸಿಮೀಟರಿನಲ್ಲಿರುವ ಸುಮಾರು 3,600 ಗಂಟುಗಳು ನೇಕಾರರ ಕೈಯವೇ.

ಗಂಟುಗಳ ಎಣಿಕೆಯೊಂದರಿಂದಲೇ ಬೆಲೆ ಕಟ್ಟಿದರೆ, ಹಾಸಿನ ನೂಲನ್ನೂ ಮನೆಯಲ್ಲೇ ತೆಗೆದ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ. 2010ರಲ್ಲಿ ಯುನೆಸ್ಕೊ ಫಾರ್ಸ್‌ನ ನೇಯ್ಗೆಯ ಕೌಶಲವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಮನ್ನಿಸಿದ್ದು ಕುರಿಯ ಮೈಯಿಂದ ಮಗ್ಗದವರೆಗಿನ ಇಡೀ ಕೆಲಸವನ್ನು. ಕೊಳ್ಳುವವರೂ ಗಂಬಳಿಯನ್ನು ಮಗುಚಿ, ಹಾಸಿನ ತುದಿಯೇ ಆಗಿರುವ ಕುಚ್ಚನ್ನು ಮುಟ್ಟಿ ನೋಡಿ, ಆ ಇಡೀ ಕೆಲಸಕ್ಕೆ ಬೆಲೆ ಕೊಡಬೇಕು.